ಗಂಗಜ್ಜಿಗೆ ಆಪರೇಶನ್ ಯಾಕೆ?

"ಗಡ್ಡೆ ಕರಗ್ಯದೆ ಅಂತ ನೀವೇ ಹೇಳದ್ರಿ. ಮತ್ತೆ ಕೊಯ್ಯೂದು ಎಂತಕ್ಕೆ? ನಂಗೆ ಆಪರೇಶನ್ ಬ್ಯಾಡ!"

ಡಾಕ್ಟರ ಕೋಣೆಯಲ್ಲಿ ಗಂಗಜ್ಜಿ ಕುರ್ಚಿಯಿಂದ ಎದ್ದೇ ಬಿಟ್ಟಳು.

"ಆಯಿ, ಕೂತ್ಕೋ," ಎಂದ ಅವಳ ಮಗ ಸುನೀಲ. ಅಜ್ಜಿ ಕೇಳಬೇಕಲ್ಲ!

ಸುನೀಲನ ಮಗಳು ಪ್ರಣಿತಾ ಮಾತ್ರ ಏಳಲಿಲ್ಲ. ಐದನೇ ಕ್ಲಾಸಿನ ಅವಳಿಗೆ ಪ್ರಶ್ನೆಗಳಿಗೇನು ಬರ?

ಅಜ್ಜಿಗೆ ದೊಡ್ಡ ಕರುಳಿನ ಕೊನೆಯಲ್ಲಿ ಕ್ಯಾನ್ಸರ್ ಗಡ್ಡೆ ಆಗಿತ್ತು. ಮನೆಯವರು ಮೊದಲು ಮೂಲವ್ಯಾಧಿ ಅಂದುಕೊಂಡಿದ್ದರು. ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ರೇಡಿಯೇಶನ್ ಕೊಡಿಸಿದರು, ಜೊತೆಗೆ ಕೀಮೋ ಮಾತ್ರೆ. ಕೆಲವು ವಾರ ಕಾದ ಮೇಲೆ ಇವತ್ತು ಹೊಸ ಸ್ಕ್ಯಾನ್ ಬಂದಿತ್ತು.

"ಡಾಕ್ಟರ್, ಅಜ್ಜಿ ಪೂರಾ ಗುಣ ಆಗ್ತಾಳಾ? ಯೆಸ್ಸಾ, ನೋನಾ?" ಎಂದು ಕೇಳಿದಳು ಪ್ರಣಿತಾ.

ಡಾಕ್ಟರ್ ಪೂರ್ಣಿಮಾ ನಕ್ಕರು. "ಅಷ್ಟು ಸುಲಭ ಇಲ್ಲ ಮರಿ. ಗಡ್ಡೆ ಸಣ್ಣದಾಗಿದೆ, ಅದು ಒಳ್ಳೇದೇ. ಆದರೆ ಅದು ಎಷ್ಟು ಆಳಕ್ಕೆ ಇಳಿದಿದೆ, ಪಕ್ಕದ ಸಣ್ಣ ಗ್ರಂಥಿಗಳಿಗೂ ಹರಡಿದೆಯಾ, ಅದೆಲ್ಲ ನೋಡಬೇಕು. ಉಳಿದದ್ದನ್ನು ಆಪರೇಶನ್ ಮಾಡಿ ತೆಗೀಬೇಕು, ತೆಗೆದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸರಿಯಾಗಿ ಗೊತ್ತಾಗ್ತದೆ."

"ಸ್ಕ್ಯಾನಲ್ಲಿ ಕಾಣೂದಿಲ್ವಾ?"

"ತೀರಾ ಚಿಕ್ಕದು ಕಾಣೋದಿಲ್ಲ."

ಪ್ರಣಿತಾ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಕಾಳಿ ಹೊಳೇಲಿ ನೀರು ಇಳ್ದಾಗ ಮರಳ ಮೇಲೆ ಒಂದು ಬಳಚು ಚಿಪ್ಪೂ ಕಾಣೂದಿಲ್ಲ. ಆದ್ರೂ ನೀ ಎಂತಕ್ಕೆ ಕೆರ್ದು ನೋಡ್ತೆ?"

"ಬಳಚು ಮರಳ ಒಳಗೆ ಇರ್ತದೆ, ಅದ್ಕೆ. ಅದು ಸಾರು ಮಾಡೂಕೆ! ಇದು ನನ್ನ ಹೊಟ್ಟೆ!" ಎಂದು ಅಜ್ಜಿ ಗದರಿದಳು. ಆದರೆ ಮೆಲ್ಲಗೆ ಕುಳಿತಳು.



"ಕೊಯ್ದ ಮೇಲೆ ಅದು ಮತ್ತೆ ಬರೂದಿಲ್ಲ ಅಲ್ಲ?" ಅಜ್ಜಿಯ ದನಿ ತೀರ ಸಣ್ಣದಾಗಿತ್ತು.

"ಬರದ ಹಾಗೆ ಎಲ್ಲ ಪ್ರಯತ್ನ ಮಾಡ್ತೇವೆ ಅಜ್ಜಿ. ಬರೋದೇ ಇಲ್ಲ ಅಂತ ಈಗಲೇ ಹೇಳಲಿಕ್ಕೆ ಆಗೋದಿಲ್ಲ."

ಅಜ್ಜಿಗೆ ಬಂದದ್ದು ಸಿಟ್ಟು ಎಂದುಕೊಂಡಿದ್ದಳು ಪ್ರಣಿತಾ. ಅದು ಹೆದರಿಕೆ ಎಂದು ಈಗ ತಿಳಿಯಿತು. ಅವಳಿಗೂ ಹೆದರಿಕೆಯಾಯಿತು.

"ಹಂಗಾರೆ ಯಾವಾಗ ಬರ್ಬೇಕು, ಹೇಳಿ," ಎಂದಳು ಅಜ್ಜಿ.

ಡಾಕ್ಟರ್ ಕ್ಯಾಲೆಂಡರ್ ನೋಡತೊಡಗಿದರು. ಕೇಳಲು ಪ್ರಣಿತಾಳ ಹತ್ತಿರ ಇನ್ನೂ ಬೇಕಾದಷ್ಟಿತ್ತು. ಆದರೆ ಅವಳು ಕುರ್ಚಿಯನ್ನು ಅಜ್ಜಿಯ ಹತ್ತಿರ ಎಳೆದುಕೊಂಡು ಅಜ್ಜಿಯ ಕೈ ಹಿಡಿದಳು.

"ಅಜ್ಜಿ, ಆಪರೇಶನ್ ದಿನ ನಾನೂ ಬರ್ಲಾ?"

"ಶಾಲೆಗೆ ಯಾರು, ನಿನ್ನ ಅಪ್ಪ ಹೋಗೂದಾ?" ಎಂದಳು ಅಜ್ಜಿ. ಆದರೆ ಮೊಮ್ಮಗಳ ಕೈಯನ್ನು ಬಿಡಲಿಲ್ಲ.