ತಡೆದು ಓಡುವ ಇಂಜಿನ್

"ಇನ್ನೆಲ್ಲಿ ಹಿಡೀತಾ ಇದೆಯೋ ಇದು?"

ನೆಲಮಾಳಿಗೆಯ ಆ ಕೋಣೆಯಲ್ಲಿ ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ. ರಿಪೇರಿಯವನು ಕಣ್ಣಿಗೆ ಕಚ್ಚಿಸಿದ್ದ ಭೂತಗನ್ನಡಿಯನ್ನು ಹಣೆಗೆ ಸರಿಸಿ, ಎಣ್ಣೆಗೈಯಲ್ಲೇ ಮುಖ ಉಜ್ಜಿಕೊಂಡ. ಮೇಜಿನ ಮೇಲೆ ಬಳೆಯಂತೆ ಸುತ್ತಿ ಜೋಡಿಸಿದ ಪುಟ್ಟ ಹಳಿ. ಹಳಿಯ ಮೇಲೆ ಅಂಗೈಯುದ್ದದ ಹಿತ್ತಾಳೆ ಇಂಜಿನ್. ಇರುವೆಯ ನಡಿಗೆಯಷ್ಟು ನಿಧಾನಕ್ಕೆ ಬಿಟ್ಟಿದ್ದ. ಟಕಟಕ, ಟಕಟಕ ಎಂದು ಹೋಗುವುದು. ಚಕ್ರ ಒಂದು ಸುತ್ತು ಮುಗಿಸುವಷ್ಟರಲ್ಲಿ ಯಾರೋ ಹಿಂದಿನಿಂದ ಸೆರಗು ಜಗ್ಗಿದಂತೆ ತಡೆದು ನಿಲ್ಲುವುದು. ಮತ್ತೆ ಟಕಟಕ. ಮತ್ತೆ ತಡೆ.

ಮಾಡಬೇಕಾದ್ದನ್ನೆಲ್ಲ ಮಾಡಿ ಆಗಿತ್ತು. ಸುಟ್ಟ ವಾರ್ನಿಷಿನ ನಾತ ಹೊಡೆಯುತ್ತಿದ್ದ ಹಳೆಯ ಮೋಟಾರನ್ನು ಕಿತ್ತು, ಹೆಬ್ಬೆರಳ ತುದಿಯಷ್ಟರ ಹೊಸದನ್ನು ಕೂರಿಸಿದ್ದ. ಸವೆದ ಗೇರುಗಳನ್ನು ಬದಲಾಯಿಸಿದ್ದ. ಬಾಯ್ಲರಿನೊಳಗಿನ ಸೀಸದ ತೂಕವನ್ನು ಹಿಂದೆ ಮುಂದೆ ಸರಿಸಿ ನೋಡಿದ್ದ. ಒಂದು ಸ್ಕ್ರೂ ಬಿಗಿ ಮಾಡಿದರೆ ಇನ್ನೊಂದು ಕಡೆ ಬೆಸುಗೆ ಬಿಡುತ್ತಿತ್ತು. ಬೆಸುಗೆ ಹಾಕಿದರೆ ತಂತಿ ಕಳಚುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುವ ಹಾಗೆ ಆ ತಡೆ ಮಾತ್ರ ಇದ್ದಲ್ಲೇ ಇತ್ತು.

ಇಂಜಿನ್ ತಂದವಳು ಪಕ್ಕದ ಬೀದಿಯ ಹಿರಿಯ ಹೆಂಗಸು. ತೀರಿಕೊಂಡ ಅವಳ ಗಂಡ ತಗಡು ಕತ್ತರಿಸಿ, ಬೆಸೆದು, ಕೈಯಾರೆ ಕಟ್ಟಿದ್ದು ಅದು. ಮಡಿಲ ಕೂಸನ್ನು ಒಪ್ಪಿಸುವವಳಂತೆ ಬಟ್ಟೆ ಬಿಡಿಸಿ ಮೇಜಿನ ಮೇಲಿಟ್ಟಿದ್ದಳು.

"ಮೋಟಾರು ಸೋತಿದೆಯಪ್ಪ. ಅದೊಂದನ್ನ ಬದಲಾಯಿಸಿಕೊಡು. ಚಕ್ರ ಮಾತ್ರ ಬಿಚ್ಚಬೇಡ. ಅದು ತಡೆದು ತಡೆದೇ ಓಡ್ಬೇಕು."

"ಯಾಕಮ್ಮ, ನಡುನಡುವೆ ಸ್ಟೇಷನ್ ಬರುತ್ತಾ?"

ಅವಳು ನಗಲಿಲ್ಲ. "ಆಗದವರು ಯಾರೋ ನನ್ನ ಮಗಳ ಉಸಿರಿಗೆ ಮಾಟ ಮಾಡಿಸಿದ್ರು. ತೊಟ್ಟಿಲಲ್ಲೇ ಉಸಿರು ತಡೆತಡೆದು ನಿಲ್ತಿತ್ತು. ನಮ್ಮೆಜಮಾನ್ರು ಆ ತಡೇನ ಇದರ ಚಕ್ರಕ್ಕೆ ಇಳಿಸಿದ್ರು. ಇದು ದಿನಾ ಒಂದಿಷ್ಟು ಹೊತ್ತು ಹೀಗೇ ಓಡಿದ್ರೆ ಅವಳು ಉಸಿರಾಡ್ತಾಳೆ. ಇಲ್ಲಿರೋವರೆಗೂ ನೀನೇ ದಿನಾ ಓಡಿಸು."

"ಹಾಗಾದ್ರೆ ನಮ್ಮತ್ತೆ ಗೊರಕೇನೂ ಯಾವುದಾದ್ರೂ ಗೂಡ್ಸ್ ಗಾಡಿಗೆ ಇಳಿಸಿಕೊಡೋರು ಇದ್ರೆ ಹೇಳಿ, ಪುಣ್ಯ ಬರುತ್ತೆ."

"ನಗಬೇಡ. ತಡೆ ಬಿಡಿಸಿದ್ರೆ, ಬಿಡಿಸಿದವನ ಮನೇಲಿ ಎಲ್ಲಕ್ಕಿಂತ ಚಿಕ್ಕ ಉಸಿರು ಯಾವುದೋ ಅದನ್ನ ಹುಡುಕ್ಕೊಂಡು ಹೋಗುತ್ತೆ."

ಆಗ ಅವನು ತಲೆಯಾಡಿಸಿದ್ದ, ಗಿರಾಕಿಗೆ ತಲೆಯಾಡಿಸುವ ಹಾಗೆ. ಮೋಟಾರು ಹಾಕಿದ ದಿನವೇ ಕೊಟ್ಟು ಕಳಿಸಿದ್ದರೆ ಮಾತು ಮುಗಿಯುತ್ತಿತ್ತು. ಆದರೆ ಓಡುವುದು ಬೇರೆ, ಸರಿಯಾಗಿ ಓಡುವುದು ಬೇರೆ. ಈ ಊರಿಗೆ ಅವನು ಹೊಸಬ. ಕುಂಟುವ ಇಂಜಿನ್ನೊಂದು ತನ್ನ ಕೈಯಿಂದ ಹೊರಬಿತ್ತು ಎಂದರೆ, ಇಂಥ ಇಂಜಿನ್ನುಗಳ ಹುಚ್ಚಿರುವ ಊರಿನ ನಾಲ್ಕು ಜನ ಮತ್ತೆ ಈ ಬಾಗಿಲು ತುಳಿಯುತ್ತಾರೆಯೇ? ಅದಕ್ಕಿಂತ ಹೆಚ್ಚಾಗಿ, ಆ ತಡೆ ಅವನ ಹಲ್ಲಿನ ಸಂದಿನಲ್ಲಿ ಸಿಕ್ಕಿದ ನಾರಿನಂತಾಗಿತ್ತು. ಊಟಕ್ಕೆ ಕೂತರೂ ಅದೇ, ಮಲಗಿದರೂ ಅದೇ.

"ಊಟ ಆರಿ ತಣ್ಣಗಾಯ್ತು," ಎಂದು ಮೆಟ್ಟಿಲ ತುದಿಯಿಂದ ಹೆಂಡತಿ ಕೂಗಿದಳು.

"ಬಂದೆ ಅಂದೆನಲ್ಲ! ಈ ಹಾಳಾದ ಹಳೇ ಗೇರುಪೆಟ್ಟಿಗೆ..."

"ನಿನ್ನೆ ಮೋಟಾರು ಸರಿ ಇಲ್ಲ ಅಂದ್ರಿ. ಮೊನ್ನೆ ಹಳಿ ಸರಿ ಇಲ್ಲ ಅಂದ್ರಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

ಮಾತು ಚುಚ್ಚಿತು. ಅವಳ ಹಿಂದೆ, ಮೇಲಿನ ಕೋಣೆಯಲ್ಲಿ, ಮಗಳು ಶಾಲೆಗೆಂದು ಬಾಯಿಪಾಠ ಮಾಡುತ್ತಿದ್ದ ಪದ್ಯ ಮರದ ನೆಲಹಾಸನ್ನು ದಾಟಿ ಕೆಳಗಿಳಿಯುತ್ತಿತ್ತು. ಎಳೆಯ ಗಂಟಲು. ಒಂದು ಸಾಲು ಇನ್ನೊಂದಕ್ಕೆ ಕೈಕೊಟ್ಟು ನಡೆಯುವ, ಗತಿ ತಪ್ಪದ ಓದು. ಕೆಳಗೆ ಗತಿಗೆಟ್ಟ ಇಂಜಿನ್. ಅವನಿಗೆ ತಾಳ್ಮೆ ಕೆಟ್ಟಿತು. ಇಂಜಿನ್ನನ್ನು ಬೋರಲು ಹಾಕಿ ಚಕ್ರ ಕೀಳುವ ಸಾಧನವನ್ನು ಕೈಗೆತ್ತಿಕೊಂಡ.

ಇಂಥ ಇಂಜಿನ್ನುಗಳಲ್ಲಿ ಎಡಗಡೆಯ ಚಕ್ರದ ಮೊಳೆ ಮೇಲಿರುವಾಗ ಬಲಗಡೆಯದು ಕಾಲು ಸುತ್ತು ಮುಂದಿರಬೇಕು. ಸ್ವಲ್ಪ ತಪ್ಪಿದರೂ ಚಕ್ರಗಳನ್ನು ಕೂಡಿಸುವ ಕಡ್ಡಿಗಳು ಹಿಡಿಯುತ್ತವೆ. ನಡುವಿನ ಜೋಡಿ ತಪ್ಪಿತ್ತು. ಕೈ ಜಾರಿ ಆದ ತಪ್ಪಲ್ಲ. ಅಳೆದು, ಗೀಟು ಹಾಕಿ, ಬೇಕೆಂದೇ ತಪ್ಪಿಸಿದ್ದು. "ಮುದುಕ, ಸಿಕ್ಕಿಬಿದ್ದೆ," ಎಂದು ನಕ್ಕು ತಿರುಪು ತಿರುಗಿಸಿದ. ಚಕ್ರ ಕಿರ್ರೆಂದಿತು. ಕಳಚಿತು.

ಅದು ಕೂತಿದ್ದ ಜಾಗದಲ್ಲಿ, ಅಚ್ಚಿನ ಸುತ್ತ, ಕಪ್ಪು ಎಳೆಯೊಂದು ಸುತ್ತಿಕೊಂಡಿತ್ತು. ಕೂದಲು. ಕೂಸಿನ ಕೂದಲಿನಷ್ಟು ನಯ. ಎಷ್ಟು ವರ್ಷವಾಗಿದ್ದರೂ ಒಣಗಿರಲಿಲ್ಲ. ಚಿಮಟದ ತುದಿಗೆ ಬೆವರಿನಂತೆ ಅಂಟಿತು. ಮೂಗಿಗೆ ಹಸಿ ಹಾಲಿನ ವಾಸನೆ ಬಡಿಯಿತು, ಅದರ ಹಿಂದೆಯೇ ಬಾಡಿದ ಹೂವಿನದು. ಚಿಮಟ ಹಿಡಿದ ಕೈಯನ್ನು ಹಿಂದಕ್ಕೆಳೆದುಕೊಂಡ. ಆದರೂ ಬೆಸುಗೆ ಹಾಕುವ ಕಾದ ಕಬ್ಬಿಣದ ಮೂತಿಯನ್ನು ಅದಕ್ಕೆ ಒತ್ತಿದ. ಚುರ್ರ್. ಸಣ್ಣ ಹೊಗೆ ಎದ್ದು, ಮೇಲಕ್ಕೆ ಹೋಗದೆ, ಮೇಜಿನಂಚಿನಿಂದ ಇಳಿದು ಮೆಟ್ಟಿಲ ಕಡೆಗೆ ಹರಿಯಿತು.

ಅಚ್ಚನ್ನು ಉಜ್ಜಿ, ಚಕ್ರಗಳನ್ನು ಅಳತೆಗೆ ಸರಿಯಾಗಿ ಕೂರಿಸಿ, ಹಳಿಯ ಮೇಲಿಟ್ಟು, ಕರೆಂಟು ಬಿಟ್ಟ.

ಇಂಜಿನ್ ಓಡಿತು. ಎಣ್ಣೆ ಹರಿದಂತೆ ಓಡಿತು. ಒಂದು ಸುತ್ತು, ಇನ್ನೊಂದು ಸುತ್ತು, ತಡೆಯೇ ಇಲ್ಲ. ಅವನ ಕಣ್ಣಲ್ಲಿ ನೀರೇ ಬಂತು. "ಕೇಳಿಸಿಕೊಂಡೆಯೇನೇ? ನೆಲ ಡೊಂಕಂತೆ, ನೆಲ!" ಎಂದು ಮೇಲಕ್ಕೆ ಕೂಗಿದ.

ಮೇಲಿನಿಂದ ಮಗಳ ಪದ್ಯ ಮಾತ್ರ ಕೇಳುತ್ತಿತ್ತು. ಒಂದು ಸಾಲು ಹೋಯಿತು. ಎರಡನೆಯದರ ನಡುವೆ ತಡೆಯಿತು. ಮರೆತಿರಬೇಕು ಎಂದುಕೊಂಡ. ಮತ್ತೆ ಎರಡು ಪದ. ತಡೆ. ಎರಡು ಪದ. ತಡೆ. ಆ ತಡೆಯ ಅಳತೆ ಅವನಿಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿತ್ತು.

"ರೀ!" ಹೆಂಡತಿ ಚೀರಿದಳು. "ರೀ, ಬೇಗ ಬನ್ನಿ! ಮಗು ಉಸಿರು..."

ಹುಡುಗಿ ಗೋಡೆಗೊರಗಿ ಕೂತಿದ್ದಳು. ತುಟಿ ನೇರಳೆಗಟ್ಟಿತ್ತು. ಎದೆ ಏಳುವುದು, ಬೀಳುವುದು, ಯಾರೋ ಜಗ್ಗಿ ಹಿಡಿದಂತೆ ನಿಲ್ಲುವುದು. ಕಣ್ಣುಗಳು ಅಪ್ಪನನ್ನೇ ಹುಡುಕುತ್ತಿದ್ದವು. ಕರೆಸಿದ ಡಾಕ್ಟರು ಎದೆಗೆ ಕೊಳವೆಯಿಟ್ಟು, ಬೆನ್ನಿಗಿಟ್ಟು, ಮತ್ತೆ ಎದೆಗಿಟ್ಟು ಬೆವರಿದರು. "ಎದೇಲಿ ಏನೂ ತೊಂದರೆ ಕಾಣ್ತಿಲ್ಲ. ಆಸ್ಪತ್ರೆಗೆ ಸೇರಿಸೋಣ. ಆದರೆ ಏನಂತ ಸೇರಿಸಲಿ?" ಎಂದು ಹೇಳಿ ಗಾಡಿಗೆ ಫೋನು ಮಾಡಲು ಹೊರಗೆ ಹೋದರು.

ಅವನು ಕೆಳಗಿಳಿದ. ಕೆಟ್ಟ ಮೇಲೆ ಬುದ್ಧಿ ಬಂದಿತ್ತು. ಚಕ್ರ ಕಿತ್ತು ಮೊದಲಿನಂತೆ ತಪ್ಪಾಗಿ ಕೂರಿಸಿದ. ತನ್ನ ತಲೆಯ ಕೂದಲು ಕಿತ್ತು ಸುತ್ತಿದ. ಹಳಿಗಿಟ್ಟ. ಸಲೀಸಾಗಿ ಓಡಿತು. ಕಡ್ಡಿ ಬಗ್ಗಿಸಿದ. ಓಡಿತು. ಗೇರಿನ ಹಲ್ಲೊಂದನ್ನು ಅರದಿಂದ ಉಜ್ಜಿ ಬೋಳಿಸಿದ. ಓಡಿತು, ಇನ್ನೂ ನಯವಾಗಿ. ಇಷ್ಟು ವರ್ಷ ಕೆಟ್ಟದ್ದನ್ನು ಸರಿಮಾಡಿದ ಕೈಗೆ ಸರಿಯಾದದ್ದನ್ನು ಕೆಡಿಸಲು ಬರುತ್ತಿರಲಿಲ್ಲ. ಹತಾಶೆಯಿಂದ ಮೇಜಿಗೆ ತಲೆ ಚಚ್ಚಿಕೊಂಡ.

ಮೇಜಿಗೂ ದೀಪಕ್ಕೂ ಕರೆಂಟು ತರುತ್ತಿದ್ದ ತಂತಿಯನ್ನೇ ಕಿತ್ತೆಸೆದ. ದೀಪ ಆರಿತು. ಕಿಟಕಿಯಿಲ್ಲದ ಕೋಣೆ ಬಾವಿಯಂತೆ ಕಪ್ಪಾಯಿತು.

ಕತ್ತಲಲ್ಲಿ ಇಂಜಿನ್ ಓಡುತ್ತಲೇ ಇತ್ತು.

ಟಕಟಕ. ಟಕಟಕ. ಹಸಿ ಹಾಲಿನ ವಾಸನೆ. ಕೈಚಾಚಿದ. ಹಿತ್ತಾಳೆ ಬೆಚ್ಚಗಿತ್ತು. ಮೈಯಂತೆ ಬೆಚ್ಚಗಿತ್ತು. ಹಿಡಿದ. ಅದುಮಿದ. ನಿಂತಿತು. ಮೇಲೆ ಹೆಂಡತಿಯ ಕೂಗು: "ಉಸಿರೇ ನಿಂತೋಯ್ತು! ಅಯ್ಯೋ!" ಕೈಬಿಟ್ಟ. ಓಡಿತು. ಮೇಲೆ ಮಗಳ ಗಂಟಲು ಗೊರ್ರೆಂದು ಗಾಳಿ ಎಳೆದುಕೊಂಡಿತು. ನಿಲ್ಲಿಸುವಂತಿಲ್ಲ. ಒಡೆಯುವಂತಿಲ್ಲ. ಓಡಿದಷ್ಟೂ ಅಲ್ಲಿ ತಡೆ ಉದ್ದವಾಗುತ್ತಿತ್ತು.

ಚಪ್ಪಲಿಯಿಲ್ಲದೆ ಓಡಿದ. ಬೀದಿ, ತಿರುವು, ಮೂರನೆಯ ಮಹಡಿ. ಅವನ ಮುಂದೆ, ವಯಸ್ಸಿಗೆ ಬಂದ ಹೆಣ್ಣೊಬ್ಬಳು ಎರಡೂ ಕೈಯಲ್ಲಿ ನೀರಿನ ಕ್ಯಾನು ಹಿಡಿದು, ಹಾಡು ಗುನುಗುತ್ತ, ಒಮ್ಮೆಯೂ ನಿಲ್ಲದೆ ಮೆಟ್ಟಿಲು ಹತ್ತಿ ಒಳಗೆ ಹೋದಳು. ಬಾಗಿಲಲ್ಲಿ ಆ ಹಿರಿಯ ಹೆಂಗಸು ನಿಂತಿದ್ದಳು. ಅವನ ಮುಖ ಕಂಡಕೂಡಲೇ ಮಗಳ ಹಿಂದೆ ಬಾಗಿಲು ಅರ್ಧ ಎಳೆದುಕೊಂಡಳು.

"ಬಿಚ್ಚಿದೆಯಾ," ಎಂದಳು. ಅದು ಪ್ರಶ್ನೆಯಾಗಿರಲಿಲ್ಲ.

"ತಪ್ಪಾಯ್ತಮ್ಮ. ನನ್ನ ಮಗೂಗೆ ಬಂದಿದೆ. ಹೇಗೆ ಇಳಿಸಿದ್ರು ಹೇಳಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅವಳು ಬಾಗಿಲ ಚಿಲಕ ಹಿಡಿದುಕೊಂಡಳು. "ಅವರು ಇಳಿಸೋವಾಗ ಮಡಿಲಲ್ಲಿ ಮಗೂನ ಇಟ್ಕೊಂಡು ಕೂತಿದ್ದೋಳು ನಾನೇ. ಗೊತ್ತಿಲ್ಲದೆ ಏನು? ಮಾಟ ಮೊದಲು ಯಾವ ಎದೇಲಿ ಕೂತಿತ್ತೋ, ಆ ಎದೆಗೆ ವಾಪಸ್ ಬರ್ಬೇಕು. ಅಲ್ಲಿಂದ ಮಾತ್ರ ಅದನ್ನ ಚಕ್ರಕ್ಕೆ ಇಳಿಸೋಕಾಗೋದು. ಬೇರೆ ಎದೆಯಿಂದ ಆಗಲ್ಲ."

"ನನ್ನೆದೆಗೆ ಬರಲಿ!"

"ನಿನ್ನೆದೇನ ಅದು ಕೇಳಲ್ಲಪ್ಪ."

ಒಳಗಿನಿಂದ ಮಗಳ ನಗು ಕೇಳಿತು. ಯಾರ ಜೊತೆಗೋ ಫೋನಿನಲ್ಲಿ, ಎಲ್ಲೂ ಕಡಿಯದ, ಉದ್ದನೆಯ ನಗು. ತಾಯಿ ಅದನ್ನು ಕೊನೆಯವರೆಗೂ ಕೇಳಿಸಿಕೊಂಡಳು.

"ಹುಟ್ಟಿದಾಗಿನಿಂದ ಅವಳು ಹೀಗೆ ನಕ್ಕಿದ್ದು ಇವತ್ತೇ," ಎಂದಳು. "ಇಂಜಿನ್ ಓಡಿದ್ರೂ ಅಂಚಿನಲ್ಲಿ ಒಂಚೂರು ತಡೆ ಇದ್ದೇ ಇರ್ತಿತ್ತು. ಎಜಮಾನ್ರು ಸತ್ತಮೇಲೆ, ಅದನ್ನ ಓಡಿಸ್ಬೇಕು ಅಂತ ಒಂದು ದಿನಾನೂ ನಾನು ಊರು ಬಿಟ್ಟು ಹೋಗಿಲ್ಲ."

ಅವನು ಹೊಸಿಲ ಮೇಲೆ ಮಂಡಿಯೂರಿದ. ಎಣ್ಣೆಗಪ್ಪು ಹತ್ತಿದ ಎರಡೂ ಅಂಗೈಗಳನ್ನು ಅವಳ ಮುಂದೆ ಚಾಚಿದ.

"ಒಂದು ಗಳಿಗೆ ಸಾಕು, ತಾಯಿ. ನಿಮ್ಮ ಮಗಳನ್ನ ಕಳಿಸಿಕೊಡಿ. ಚಕ್ರ ನಾನೇ ಹಾಕ್ತೀನಿ. ನನ್ನ ಕೈ ತಪ್ಪಲ್ಲ. ಅವರಿಗೇನೂ ಆಗೋಕೆ ಬಿಡಲ್ಲ. ನನ್ನ ಕೂಸು ಇನ್ನೂ ಚಿಕ್ಕದು."

ಅವಳ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲಿಲ್ಲ. ಬಾಗಿಲ ಚಿಲಕದ ಮೇಲಿನ ಕೈಯನ್ನೂ ತೆಗೆಯಲಿಲ್ಲ.

"ಕಳಿಸಲ್ಲ," ಎಂದಳು.