ಬಿಗಿಯದ ಗಂಟು

ಸಮುದ್ರಕ್ಕೂ ನೆಲಕ್ಕೂ ಇನ್ನೂ ಗಡಿ ಗೊತ್ತುಮಾಡದ ಕಾಲದಲ್ಲಿ ತೆರೆಗಾವಲು ಎಂಬ ರಾಜ್ಯವಿತ್ತು. ಅಲ್ಲಿ ಜಟ್ಟು ಎಂಬ ತರುಣನಿದ್ದ. ಒಡೆದ ದೋಣಿಯ ಹಲಗೆ, ಹರಿದ ಬಲೆ, ಖಾಲಿ ಚಿಪ್ಪು ಎಲ್ಲವನ್ನೂ ದಡದಿಂದ ಆಯ್ದು ತಂದು, ಜನರ ಬಾಗಿಲಿಗೆ, ಗೋಡೆಗೆ ಅಲಂಕಾರ ಮಾಡಿಕೊಡುತ್ತಿದ್ದ. ಆ ನಾಡಿನಲ್ಲೊಂದು ಪದ್ಧತಿ: ಅಲಂಕಾರದ ಕೊನೆಯ ಗಂಟನ್ನು ಬಿಗಿಯುತ್ತಿರಲಿಲ್ಲ. ಯಾಕೆಂದು ಯಾರಿಗೂ ನೆನಪಿರಲಿಲ್ಲ.

ಒಂದು ಬೆಳಿಗ್ಗೆ ನೋಡಿದರೆ ಸಮುದ್ರವೇ ಇಲ್ಲ. ಗುಡ್ಡದ ಮೇಲಿನ ಮಾಂತ್ರಿಕ ಕರಡಾಕ್ಷ ಅದನ್ನು ಎತ್ತಿಕೊಂಡು ಹೋಗಿ, ಚೌಕಟ್ಟಿಗೆ ಕಟ್ಟಿ, ತನ್ನ ಗೋಡೆಗೆ ತೂಗುಹಾಕಿದ್ದ. ಮೀನಿಗೆ ಹೋಗಿದ್ದ ಜಟ್ಟುವಿನ ಅಕ್ಕ ಮಂಕಾಳಿ ದೋಣಿಯ ಸಮೇತ ಆ ಪಟದೊಳಗೆ ಸಿಕ್ಕಿಬಿದ್ದಳು.

ಜಟ್ಟುವಿಗೆ ಕೂತಲ್ಲಿ ಕೂರಲಾಗಲಿಲ್ಲ. ಮೂರು ದಿನ ಒಣಮರಳಿನ ಮೇಲೆ ಆಚೆ ಈಚೆ ನಡೆದ. ನಾಲ್ಕನೆಯ ದಿನ ಆಯ್ದ ಸಾಮಾನಿನ ಚೀಲ ಹೊತ್ತು ಗುಡ್ಡ ಹತ್ತಿದ.

ಕರಡಾಕ್ಷನ ಗೋಡೆಯ ಪಟದಲ್ಲಿ ಅಕ್ಕ ಹೆಬ್ಬೆರಳಿನಷ್ಟು ಚಿಕ್ಕವಳಾಗಿದ್ದಳು. ಏನೋ ಹೇಳಹೊರಟ ಬಾಯಿ ತೆರೆದೇ ಇತ್ತು.

"ಇನ್ನೂ ಮೂರು ಗೋಡೆ ಖಾಲಿ ಇವೆ," ಎಂದ ಕರಡಾಕ್ಷ. "ಈ ಕಸದಲ್ಲೇ ಜೀವವಿರುವ ಮೂರು ಅಲಂಕಾರ ಮಾಡು. ಗೆದ್ದರೆ, ಈ ಮನೆಯಲ್ಲಿ ನಿನ್ನ ಮುಷ್ಟಿಯೊಳಗೆ ಹಿಡಿಯುವಂಥದು ಯಾವುದಾದರೂ ನಿನ್ನದು. ಸೋತರೆ ಅಕ್ಕನ ಪಕ್ಕ ನಿಲ್ಲುವಿಯಂತೆ."

ಜಟ್ಟು ಹಲಗೆ ಕೆತ್ತಿ, ಹಗ್ಗದಲ್ಲಿ ಪೋಣಿಸಿ ಮೀನು ಮಾಡಿದ. ಮೀನು ಬಾಲ ಬಡಿಯಿತು.

"ಗಂಟು ಸಡಿಲ ಬಿಟ್ಟಿದ್ದೀಯಲ್ಲೋ?"

"ನಮ್ಮ ಪದ್ಧತಿ, ಒಡೆಯ."

"ನಿಮ್ಮ ಪದ್ಧತಿ ನಿಮ್ಮ ಗುಡಿಸಲಿಗೆ," ಎಂದು ಕರಡಾಕ್ಷ ಗಂಟು ಬಿಗಿದ. ಬಾಲ ನಿಂತಿತು. "ಈಗ ಅಚ್ಚುಕಟ್ಟಾಯಿತು."

ಹರಿದ ಬಲೆಯಿಂದ ಜಟ್ಟು ಅಲೆ ಮಾಡಿದ. ಅಲೆ ಏರಿತು, ಇಳಿಯಿತು. ಕರಡಾಕ್ಷ ಗಂಟು ಬಿಗಿದ. ಅಲೆ ನಿಂತಿತು. ಜಟ್ಟುವಿನ ಕಾಲು ಮಾತ್ರ ನಿಂತಲ್ಲಿ ನಿಲ್ಲದು.

ಚಿಪ್ಪುಗಳನ್ನು ಸಾಲಾಗಿ ತೂಗುಬಿಟ್ಟ. ಕೋಣೆಯ ತುಂಬ ಸಮುದ್ರದ ಸದ್ದು. ಕರಡಾಕ್ಷ ಗಂಟು ಬಿಗಿದ. ಸದ್ದಡಗಿತು.

ಆಗ ಜಟ್ಟು ತಲೆಯೆತ್ತಿ ಸಮುದ್ರದ ಪಟವನ್ನು ನೋಡಿದ. ಅದರ ನಾಲ್ಕು ಮೂಲೆಗೂ ನಾಲ್ಕು ಗಂಟು, ನಾಲ್ಕೂ ಬಿಗಿ. ಎಷ್ಟೋ ದಿನಗಳ ಮೇಲೆ ಅವನ ಕಾಲು ನಿಂತಲ್ಲಿ ನಿಂತಿತು.

"ಮೂರೂ ಮಾಡಿ ಗೆದ್ದೆ. ಏನು ಬೇಕೋ ಕಸದರಸ? ಮುತ್ತೋ, ಹವಳವೋ?"

"ಆ ಪಟದ ಒಂದು ಗಂಟು."

ಕರಡಾಕ್ಷ ನಕ್ಕ. ನಗು ಅರ್ಧಕ್ಕೇ ನಿಂತಿತು. ಇಲ್ಲವೆನ್ನುವಂತಿಲ್ಲ, ಮಾತು ತಪ್ಪಿದ ಮಾಂತ್ರಿಕನಿಗೆ ಮಂತ್ರ ಮರೆತುಹೋಗುತ್ತದೆ. ಅಷ್ಟರಲ್ಲಿ ಜಟ್ಟು ಗಂಟನ್ನು ಮುಷ್ಟಿಯಲ್ಲಿ ಹಿಡಿದು ಬಿಚ್ಚಿಬಿಟ್ಟಿದ್ದ.

ಮೊದಲು ಒಂದು ಹನಿ ಬಿತ್ತು. ಉಪ್ಪಿನ ವಾಸನೆ ಬಂತು. ಆಮೇಲೆ ಇಡೀ ಸಮುದ್ರವೇ ಬಂತು. ಕರಡಾಕ್ಷ ಮತ್ತೆ ಕಟ್ಟಲು ಧಾವಿಸಿದ. ನೀರು ಕೈಗೆ ನಿಲ್ಲಲಿಲ್ಲ. ಮಂತ್ರ ಮಣಮಣಿಸುತ್ತಲೇ ಕೊಚ್ಚಿಹೋದ. ಸಮುದ್ರ ಅವನನ್ನು ಬೆರಳುದ್ದದ ಶಂಖ ಮಾಡಿ ದಡಕ್ಕೆಸೆಯಿತು.

ಅಲೆಯ ಮೇಲೆ ದೋಣಿ ಬಂತು. ಅಕ್ಕ ಅಂದು ತೆರೆದಿದ್ದ ಬಾಯಿಯ ಮಾತನ್ನು ಈಗ ಮುಗಿಸಿದಳು:

"ಜಟ್ಟು, ಒಲೆ ಮೇಲೆ ಗಂಜಿ ಇಟ್ಟು ಬಂದಿದ್ದೆ. ಇಳಿಸಿದೆಯೋ ಇಲ್ಲವೋ?"

"ತಳ ಹಿಡಿದಿದೆ ಅಕ್ಕ."

"ಒಂದು ಕೆಲಸ ನೆಟ್ಟಗೆ ಮಾಡಬೇಡ," ಎಂದು ಬೈಯುತ್ತ ಅವಳು ಅವನ ತಲೆ ಸವರಿದಳು.

ತೆರೆಗಾವಲಿನವರು ಮತ್ತೆ ಬಲೆ ಬೀಸಿದರು, ಉಂಡರು, ನೆಮ್ಮದಿಯಾಗಿ ಬಾಳಿದರು. ಅಲ್ಲಿನ ಪ್ರತಿ ಬಾಗಿಲಲ್ಲೂ ಕೊನೆಯ ಗಂಟು ಇಂದಿಗೂ ಸಡಿಲವೇ. ಜಟ್ಟುವಿನ ಬಾಗಿಲಲ್ಲಿ ಮಾತ್ರ ಗಾಳಿ ಬೀಸಿದಾಗ ಮಣಮಣ ಎನ್ನುವ ಒಂದು ಶಂಖವಿದೆ. ಅದರ ಗಂಟನ್ನು ಅವನು ಮೂರು ಸುತ್ತು ಬಿಗಿದಿದ್ದಾನೆ.