ಹಮಾಮಿನ ಮಾಂತ್ರಿಕನ ಬೆನ್ನು

ಒಂದಾನೊಂದು ಕಾಲದಲ್ಲಿ, ಬಿಸಿನೀರಿನ ಬುಗ್ಗೆಗಳ ಮೇಲೆ ಕಟ್ಟಿದ ಜರ್ನಾಬಾದ್ ಎಂಬ ರಾಜ್ಯವಿತ್ತು. ಎಲ್ಲಿತ್ತೆಂದು ಕೇಳಬೇಡಿ. ಹೇಳಿದರೆ ಹೋಗಿ ನೋಡಿ ಬಂದು ನನ್ನನ್ನು ಸುಳ್ಳುಗಾರ ಅನ್ನುತ್ತೀರಿ.

ಅಲ್ಲಿನ ಹಮಾಮು, ಅಂದರೆ ಹಬೆಸ್ನಾನದ ಮನೆ, ಅರಮನೆಗಿಂತ ದೊಡ್ಡದು. ಒಳಗೆ ಹೋದರೆ ರಾಜನಿಗೂ ಒಂದೇ ತುಂಡುಪಂಚೆ, ಚಪ್ಪಲಿ ಹೊಲಿಯುವವನಿಗೂ ಒಂದೇ ತುಂಡುಪಂಚೆ. ಒಂದು ಕಟ್ಟಳೆ ಮಾತ್ರ ಇತ್ತು: ಇನ್ನೊಬ್ಬರ ಬೆನ್ನು ಉಜ್ಜಿದವನು, ಅವರು ಕೇಳಿದರೆ ತನ್ನ ಬೆನ್ನನ್ನೂ ಒಡ್ಡಬೇಕು. ಒಡ್ಡದಿದ್ದರೆ ಒಲೆ ಆರಿಹೋಗುತ್ತದೆ.

ಆ ಹಮಾಮಿಗೆ ಹಬೆಯನ್ನೇ ಉಸಿರಾಡುವ ಮಾಂತ್ರಿಕನೊಬ್ಬ ಬಂದು ಸೇರಿಕೊಂಡ. ಅವನು ಬೆನ್ನು ಉಜ್ಜಿದರೆ ಆಯುಸ್ಸೇ ಮಣ್ಣಾಗಿ ಉದುರಿ ಅವನ ಬೆನ್ನಿಗೆ ಅಂಟುತ್ತಿತ್ತು, ಉಜ್ಜಿಸಿಕೊಂಡವರು ಕಲ್ಲಾಗುತ್ತಿದ್ದರು. ಮದುವೆಯ ಸ್ನಾನಕ್ಕೆ ಹೋದ ರಾಜಕುಮಾರಿ ಮಹಜಬೀನಳೂ ಕಲ್ಲಾದಳು. ಅವಳ ಅಣ್ಣ ಫರ್ರುಖ್ ಹೊರಟ.

ತಂಪುಕೋಣೆಯಲ್ಲಿ ಹಿತ್ತಾಳೆಯ ಸಿಂಹ ಅಡ್ಡ ಬಂದು ಕತ್ತಿ ಕೇಳಿತು. ಕೊಟ್ಟ. ಬೆಚ್ಚನೆಯ ಕೋಣೆಯಲ್ಲಿ ಹಬೆಯ ಹಾವು ಕಿರೀಟ ಕೇಳಿತು. ಕೊಟ್ಟ. ಬಿಸಿಕೋಣೆಯ ನಡುವೆ, ಕಾದ ಹಾಸುಗಲ್ಲಿನ ಮೇಲೆ ಮಾಂತ್ರಿಕ ಕೂತಿದ್ದ. ಅವನ ಪಕ್ಕದಲ್ಲೇ ತಂಗಿ, ಅಮೃತಶಿಲೆಯ ಕೈಯಲ್ಲಿ ತಾಮ್ರದ ಬಟ್ಟಲು ಹಿಡಿದುಕೊಂಡು.

ರಾಜಕುಮಾರ ಬೋರಲು ಮಲಗಿದ. ಮಾಂತ್ರಿಕ ಒರಟು ಕೈಗವಸು ತೊಟ್ಟು ಉಜ್ಜತೊಡಗಿದ. ಫರ್ರುಖನ ಪಾದ ಕಲ್ಲಾಯಿತು. ಮೊಣಕಾಲು ಕಲ್ಲಾಯಿತು. ಸೊಂಟ ಕಲ್ಲಾಯಿತು.

ಆಗ ಅವನು ಮೆಲ್ಲಗೆ ಹೇಳಿದ: "ಸಾಕು ಅಜ್ಜ. ಈಗ ನಿಮ್ಮ ಬೆನ್ನು ಕೊಡಿ."

ಮಾಂತ್ರಿಕ ನಕ್ಕ. ಇಲ್ಲಿಯವರೆಗೆ ಹೆದರಿ ಕೂಗಿದವರುಂಟು, ಬೈದವರುಂಟು. ಬೆನ್ನು ಕೇಳಿದವರೇ ಇರಲಿಲ್ಲ. ಅವನು ಆಗುವುದಿಲ್ಲ ಎಂದು ಬಾಯಿ ತೆರೆದದ್ದೇ ತಡ, ಗೋಡೆಯಾಚೆ ಒಲೆ ಕೆಮ್ಮಿತು, ಹಬೆ ತೆಳುವಾಯಿತು, ಅವನ ಉಸಿರು ಸಿಕ್ಕಿಕೊಂಡಿತು. ವಿಧಿಯಿಲ್ಲದೆ ತಿರುಗಿ ಕೂತ.

ಸೊಂಟದಿಂದ ಕೆಳಗೆ ಕಲ್ಲಾಗಿದ್ದ ಫರ್ರುಖ್ ಮೊಣಕೈಯೂರಿ ಎದ್ದು ಉಜ್ಜಿದ. ಮಣ್ಣು ಸುರುಳಿ ಸುರುಳಿಯಾಗಿ ಬಿತ್ತು. ಒಂದು ಸುರುಳಿ ಬಿದ್ದಾಗ ಮೂಲೆಯ ಕಲ್ಲೊಂದು ಸೀನಿತು. ಇನ್ನೊಂದು ಬಿದ್ದಾಗ ಮುದುಕಿಯೊಬ್ಬಳು ಸಾಬೂನು ಎಲ್ಲಿ ಎಂದು ಕೇಳಿದಳು. ಎಲ್ಲ ಉದುರಿದ ಮೇಲೆ ಉಳಿದದ್ದು ಎಲುಬು ಕಾಣುವ, ಯಾರೂ ಯಾವತ್ತೂ ಮುಟ್ಟದ ಒಂದು ಬೆನ್ನು.

"ಇನ್ನು ಸ್ವಲ್ಪ ಮೇಲೆ, ಮಗು," ಎಂದ ಮಾಂತ್ರಿಕ. ಅವನು ಅಳುತ್ತಿದ್ದ.

ಫರ್ರುಖ್ ಅಲ್ಲಿಯೂ ಉಜ್ಜಿದ. ಉಜ್ಜುತ್ತಿದ್ದಂತೆ ಅವನ ಸ್ವಂತ ಕಾಲುಗಳಿಗೂ ಜೀವ ಬಂತು. ಮಹಜಬೀನ್ ಉಸಿರೆಳೆದು, ಬಟ್ಟಲಲ್ಲಿದ್ದ ನೀರನ್ನು ಆ ಬೆನ್ನಿಗೆ ಸುರಿದಳು. ಮಾಂತ್ರಿಕ ಹಬೆಯಾಗಿ ಗುಮ್ಮಟದ ಕಿಂಡಿಯಿಂದ ಹೊರಟುಹೋದ.

ಮದುವೆ ನಡೆಯಿತು. ಎಲ್ಲರೂ ಬೆಚ್ಚಗೆ, ಸುಖವಾಗಿ ಬಾಳಿದರು. ಕತ್ತಿ ಇಂದಿಗೂ ಸಿಂಹದ ಹತ್ತಿರವೇ ಇದೆ. ಅದನ್ನು ವಾಪಸು ಕೇಳುವ ಅಗತ್ಯ ಯಾರಿಗೂ ಬಿದ್ದಿಲ್ಲ.